ನಾಗಾನೊ, ಡಿಸೆಂಬರ್ 2020: ಯುಜುರು ಹನ್ಯು ಅವರ ಮರುಪ್ರವೇಶವನ್ನು ಎದುರು ನೋಡುತ್ತಾ

ಹಿಮರೇಖೆ – ಡಿಸೆಂಬರ್ 13, 2020

ಫೆಬ್ರವರಿ 9ರಂದು ಸಿಯೋಲ್‌ನಲ್ಲಿ ಫೋರ್ ಕಾಂಟಿನೆಂಟ್ಸ್ ಚಾಂಪಿಯನ್‌ಷಿಪ್‌ನ ಫ್ರೀ ಸ್ಕೇಟಿಂಗ್ (ಎರಡನೆಯ, ದೀರ್ಘ ಸುತ್ತು) ಮುಗಿದ ಮೇಲೆ ಜಪಾನಿನ ಫಿಗರ್ ಸ್ಕೇಟರ್ ಯುಜುರು ಹನ್ಯು ಅವರನ್ನು ನಾವು ಸ್ಪರ್ಧೆಯ ಕಣದಲ್ಲಿ ಕಂಡಿಲ್ಲ. ಡಿಸೆಂಬರ್ 25ರಂದು ನಾಗಾನೊದ ಬಿಗ್ ಹ್ಯಾಟ್ ಕ್ರೀಡಾಂಗಣದಲ್ಲಿ ಜಪಾನ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಪುರುಷರ ಶಾರ್ಟ್ ಪ್ರೋಗ್ರಾಂ (ಮೊದಲ, ಕಿರು ಸುತ್ತು) ನಡೆಯುವ ಹೊತ್ತಿಗೆ ಸರಿಯಾಗಿ 320 ದಿನಗಳಾಗಿರುತ್ತವೆ. ಸ್ಪರ್ಧಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ನೋಡಿದ ದಿನದಿಂದ ನನ್ನ ಮನಸ್ಸು ಒಂದು ಕಡೆ ನಿಂತಿಲ್ಲ. ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಈ ವರ್ಷ ಆದದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಸಿಯೋಲ್‌ನಲ್ಲಿ ಅವರು ಋತುವಿನ ನಡುವೆಯೇ ಎರಡೂ ಪ್ರೋಗ್ರಾಂಗಳನ್ನು ಬದಲಿಸಿ, ಶೋಪಾನ್‌ನ ಬಲಾಡ್ ಹಾಗೂ ಸೇಮೆಯ್ ಎಂಬ ತಮ್ಮ ಹಳೆಯ ಪ್ರೋಗ್ರಾಂಗಳಿಗೆ ಮರಳಿದರು. ಶಾರ್ಟ್ ಪ್ರೋಗ್ರಾಂನಲ್ಲಿ ಬಂದ 111.82 ಅಂಕಗಳು ವಿಶ್ವದಾಖಲೆಯಾದವು. ಮಾರನೆಯ ಸುತ್ತಿನಲ್ಲಿ ತಪ್ಪುಗಳಾದರೂ 299.42 ಅಂಕಗಳೊಂದಿಗೆ ಚಿನ್ನ ಅವರದಾಯಿತು. ಕಿರಿಯರ ಮತ್ತು ಹಿರಿಯರ ವಿಭಾಗಗಳ ಎಲ್ಲ ಪ್ರಮುಖ ಅಂತರರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಮೊದಲ ಪುರುಷ ಸ್ಕೇಟರ್ ಎಂಬ ಹಿರಿಮೆಯೂ ಅಂದೇ ದಕ್ಕಿತು. ಮುಂದಿನದು ಮಾರ್ಚ್ ತಿಂಗಳ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಷಿಪ್. ಆರಂಭಕ್ಕೆ ಐದೇ ದಿನಗಳಿರುವಾಗ ಕೊರೊನಾ ಸೋಂಕಿನಿಂದಾಗಿ ಅದು ರದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತನ್ನು ನಾವೆಲ್ಲ ಅಂದು ಅನುಭವಿಸಿದೆವು.

ಆಮೇಲೆ ನಮಗೆ ಸಿಕ್ಕಿದ್ದು ತುಣುಕುಗಳು ಮಾತ್ರ. ಮೇ ತಿಂಗಳಲ್ಲಿ ಜಪಾನ್ ಸ್ಕೇಟಿಂಗ್ ಒಕ್ಕೂಟದ ಟ್ವಿಟರ್ ಖಾತೆಯಲ್ಲಿ, ಐಸೂ ಇಲ್ಲದೆ, ಸ್ಕೇಟ್‌ಗಳೂ ಇಲ್ಲದೆ, ತಮ್ಮ ಹಳೆಯ ಪ್ರೋಗ್ರಾಂಗಳ ಚಲನೆಗಳನ್ನು ಬರಿಯ ನೆಲದ ಮೇಲೆ ಒಂದರ ಹಿಂದೊಂದರಂತೆ ಅವರು ಮಾಡಿ ತೋರಿಸಿದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಗಸ್ಟ್ 28ರಂದು ಗ್ರ್ಯಾನ್ ಪ್ರೀ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗಳ ಸರಣಿಯಿಂದ ಹಿಂದೆ ಸರಿಯುವುದಾಗಿ ಹೇಳಿಕೆ ಬಂತು. ತಾನೊಬ್ಬ ಹೊರಟರೆ ತನ್ನ ಸುತ್ತ ಎಷ್ಟೋ ಜನ ಹೊರಡುತ್ತಾರೆ, ಸೇರುತ್ತಾರೆ, ಅದರಿಂದ ಸೋಂಕು ಹರಡುವ ಅಪಾಯವಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು. ಎರಡು ಒಲಿಂಪಿಕ್ ಚಿನ್ನ ಗೆದ್ದ ಆಟಗಾರನೊಬ್ಬ ತನ್ನ ಜನಪ್ರಿಯತೆಯನ್ನು ಹೊಣೆಗಾರಿಕೆಯಾಗಿ ಲೆಕ್ಕ ಹಾಕಿದ ಆ ಬಗೆ ನನ್ನನ್ನು ಯಾವುದೇ ಜಂಪ್‌ಗಿಂತ ಹೆಚ್ಚು ತಟ್ಟಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂದು ನಿಂತದ್ದೂ ಇಂದು ಹೊರಟದ್ದೂ ಒಂದೇ ಮನಸ್ಸಿನ ನಿರ್ಧಾರಗಳು. ನಾಗಾನೊದಲ್ಲಿ ಅವರು ಎಷ್ಟನೆಯ ಸ್ಥಾನ ಪಡೆಯುತ್ತಾರೆಂಬುದಕ್ಕಿಂತ, ಹತ್ತು ತಿಂಗಳು ಕಣ್ಣಿಗೆ ಕಾಣದಂತೆ ಅವರು ಮಾಡಿದ ಕೆಲಸ ಏನೆಂಬುದನ್ನು ನೋಡಲು ನಾನು ಕಾಯುತ್ತಿದ್ದೇನೆ. ನಿಮ್ಮ ನಿರೀಕ್ಷೆಗಳೇನು?

ನಾಲ್ಕೂವರೆ ಸುತ್ತು – ಡಿಸೆಂಬರ್ 13

ಈ ಚರ್ಚೆಯನ್ನು ಆರಂಭಿಸಿದ್ದಕ್ಕೆ ಧನ್ಯವಾದಗಳು. ನನ್ನ ಕುತೂಹಲ ತಾಂತ್ರಿಕವಾದುದು.

ಟೊರಾಂಟೊದ ಕ್ರಿಕೆಟ್ ಕ್ಲಬ್‌ನಲ್ಲಿ (ಹೆಸರು ಹೀಗಿದ್ದರೂ ಅಲ್ಲಿ ಸ್ಕೇಟಿಂಗ್ ರಿಂಕ್ ಇದೆ) 2012ರಿಂದ ಬ್ರಯನ್ ಓರ್ಸರ್, ಟ್ರೇಸಿ ವಿಲ್ಸನ್ ಮೊದಲಾದ ಕೋಚ್‌ಗಳ ಕಣ್ಣೆದುರು ಅಭ್ಯಾಸ ಮಾಡುತ್ತಿದ್ದ ಹನ್ಯು ಅವರು ಈಗ ಜಪಾನಿನಲ್ಲಿದ್ದಾರೆ, ಪಕ್ಕದಲ್ಲಿ ಕೋಚ್ ಇಲ್ಲ. ಇದು ಎಷ್ಟು ದೊಡ್ಡ ವ್ಯತ್ಯಾಸವೆಂಬುದು ಈ ಆಟವನ್ನು ಹೊರಗಿನಿಂದ ನೋಡುವವರಿಗೆ ಬೇಗ ತಿಳಿಯುವುದಿಲ್ಲ. ಜಂಪ್ ಒಂದು ಹಾಳಾದಾಗ ಬಿದ್ದದ್ದು ಸ್ಕೇಟರ್‌ಗೆ ತಿಳಿಯುತ್ತದೆ, ಆದರೆ ಏಕೆ ಬಿದ್ದೆನೆಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಭುಜ ಒಂದು ಕ್ಷಣ ಮೊದಲೇ ತೆರೆದುಕೊಂಡಿರಬಹುದು, ಹಾರುವ ಮೊದಲು ಬ್ಲೇಡ್‌ನ ಅಂಚು ಆಳವಾಗಿ ಕಚ್ಚದೇ ಇದ್ದಿರಬಹುದು, ದೇಹದ ಅಕ್ಷ ಗಾಳಿಯಲ್ಲಿ ಬೆರಳಗಲ ವಾಲಿರಬಹುದು. ಮೈಯೊಳಗಿನ ಅನುಭವ ಒಂದು ಹೇಳುತ್ತದೆ, ಹೊರಗಿನ ಕಣ್ಣು ಇನ್ನೊಂದನ್ನು ನೋಡುತ್ತದೆ. ಆ ಹೊರಗಿನ ಕಣ್ಣೇ ಕೋಚ್. ವಿಡಿಯೊ ಅದರ ಒಂದು ಪಾಲನ್ನು ಮಾತ್ರ ತುಂಬಿಕೊಡುತ್ತದೆ, ಏಕೆಂದರೆ ಅದನ್ನು ನೋಡಲು ಪ್ರತಿ ಸಲವೂ ಅಭ್ಯಾಸವನ್ನು ನಿಲ್ಲಿಸಬೇಕು. ತಪ್ಪು ಅಭ್ಯಾಸವೊಂದು ಒಮ್ಮೆ ಮೈಗೆ ಅಂಟಿಕೊಂಡರೆ ಅದನ್ನು ಬಿಡಿಸಲು ವಾರಗಳೇ ಹಿಡಿಯಬಹುದು.

ಹಾಗಾಗಿ ನಾನು ನಾಗಾನೊದಲ್ಲಿ ಕ್ವಾಡ್ ಆಕ್ಸೆಲ್ ಎಂಬ ನಾಲ್ಕೂವರೆ ಸುತ್ತಿನ ಜಂಪ್ ಅನ್ನು ನಿರೀಕ್ಷಿಸುತ್ತಿಲ್ಲ. ಈವರೆಗೆ ಯಾರೂ ಸ್ಪರ್ಧೆಯಲ್ಲಿ ಅದನ್ನು ಯಶಸ್ವಿಯಾಗಿ ಮಾಡಿಲ್ಲ. ಉಳಿದ ಜಂಪ್‌ಗಳೆಲ್ಲ ಹಿಮ್ಮುಖವಾಗಿ ಚಲಿಸುತ್ತಾ ಏಳುವಂಥವು. ಆಕ್ಸೆಲ್ ಒಂದರಲ್ಲಿ ಮುಂದಕ್ಕೆ ಮುಖಮಾಡಿ ಎದ್ದು ಹಿಮ್ಮುಖವಾಗಿ ಇಳಿಯಬೇಕಾದ್ದರಿಂದ ಅರ್ಧ ಸುತ್ತು ಹೆಚ್ಚು ತಿರುಗಬೇಕು. ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ನಾಲ್ಕೂವರೆ ಸುತ್ತು! ಇಷ್ಟಾದರೂ ಅದಕ್ಕಿರುವ ಮೂಲಬೆಲೆ 12.5 ಅಂಕ, ನಾಲ್ಕು ಸುತ್ತಿನ ಕ್ವಾಡ್ ಲುಟ್ಜ್‌ಗಿಂತ ಒಂದೇ ಅಂಕ ಹೆಚ್ಚು. ಇದು ಅನ್ಯಾಯವೆಂದು ನಾನು ಹಿಂದೆಯೂ ಬರೆದಿದ್ದೇನೆ, ಈಗಲೂ ಬರೆಯುತ್ತೇನೆ. ಅಂಕಗಳ ಲೆಕ್ಕ ಹಾಕುವವರು ಯಾರೂ ಆ ಜಂಪ್‌ನ ಹಿಂದೆ ಬೀಳುವುದಿಲ್ಲ. ಹನ್ಯು ಅವರು ಅದರ ಹಿಂದೆ ಬಿದ್ದಿದ್ದಾರೆ, ಏಕೆಂದರೆ ಅದು ಅವರ ಬಾಲ್ಯದ ಕನಸು. 2016ರ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಕ್ವಾಡ್ ಲೂಪ್ ಅನ್ನು ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಸಾಧಿಸಿದವರೂ ಇವರೇ ಅಲ್ಲವೇ?

ದೂರದ ಪ್ರೇಕ್ಷಕಿ – ಡಿಸೆಂಬರ್ 14

ನಾನು ಇಲ್ಲಿ ಎಲ್ಲರಿಗೂ ಒಪ್ಪಿಗೆಯಾಗದ ಮಾತನ್ನು ಹೇಳುತ್ತಿದ್ದೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ಹನ್ಯು ಅವರು 2011ರಲ್ಲಿ ಹದಿನಾರರ ಹುಡುಗನಾಗಿದ್ದಾಗಿನಿಂದ ನಾನು ಅವರ ಅಭಿಮಾನಿ. ಆದರೂ ಅವರು ಈ ತಿಂಗಳು ಸ್ಪರ್ಧಿಸದೇ ಇದ್ದರೆ ಒಳ್ಳೆಯದೆಂದು ನನಗನಿಸುತ್ತದೆ.

ಆಗಸ್ಟ್‌ನಲ್ಲಿ ಹಿಂದೆ ಸರಿಯಲು ಕೊಟ್ಟ ಕಾರಣಗಳಲ್ಲಿ ಯಾವುದು ಇಂದು ಇಲ್ಲವಾಗಿದೆ? ಜಪಾನಿನಲ್ಲಿ ಸೋಂಕಿನ ಮೂರನೆಯ ಅಲೆ ಏರುತ್ತಿದೆ. ಅವರಿಗೆ ಎಳವೆಯಿಂದಲೂ ಆಸ್ತಮಾ ಇದೆ. ಗ್ರ್ಯಾನ್ ಪ್ರೀ ಸರಣಿಯಲ್ಲಿ ಕೆನಡಾ ಮತ್ತು ಫ್ರಾನ್ಸ್‌ನ ಸ್ಪರ್ಧೆಗಳು ರದ್ದಾದವು, ಫೈನಲ್ ಕೂಡ ನಡೆಯುತ್ತಿಲ್ಲ. ಲಾಸ್ ವೇಗಸ್‌ನಲ್ಲಿ ಪ್ರೇಕ್ಷಕರ ಜಾಗದಲ್ಲಿ ರಟ್ಟಿನ ಆಕೃತಿಗಳನ್ನು ಕೂರಿಸಿ ಸ್ಪರ್ಧೆ ನಡೆಸಬೇಕಾಯಿತು. ಇಂಥ ಋತುವಿನಲ್ಲಿ ಒಂದು ಪದಕಕ್ಕಾಗಿ ಅವರ ಶ್ವಾಸಕೋಶವನ್ನು ಅಪಾಯಕ್ಕೊಡ್ಡಬೇಕೆ? ಅವರು ಬರಬೇಕೆಂಬ ನಮ್ಮ ಆಸೆ ನಮ್ಮ ಕಣ್ಣಿಗೆ ಪರದೆ ಕಟ್ಟುತ್ತಿಲ್ಲವೇ?

ಹಿಮರೇಖೆ – ಡಿಸೆಂಬರ್ 14

ನಿಮ್ಮ ಮಾತನ್ನು ನಾನು ಎರಡು ಸಲ ಓದಿದೆ. ಅದು ಕಾಳಜಿಯ ಮಾತು. ಆದರೂ ಎರಡೂ ಸಂದರ್ಭಗಳು ಒಂದೇ ಎಂಬುದನ್ನು ನಾನು ಒಪ್ಪಲಾರೆ.

ಗ್ರ್ಯಾನ್ ಪ್ರೀ ಸ್ಪರ್ಧೆಗಳನ್ನು ಈ ಸಲ ಆಯಾ ದೇಶದವರಿಗೂ ಅಲ್ಲಿ ಅಭ್ಯಾಸ ಮಾಡುವವರಿಗೂ ಸೀಮಿತಗೊಳಿಸಲಾಗಿತ್ತು. ಅವುಗಳಿಂದ ವಿಶ್ವ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾಗುವಂತಿರಲಿಲ್ಲ. ಬಿಟ್ಟರೂ ನಡೆಯುತ್ತಿತ್ತು, ಅವರು ಬಿಟ್ಟರು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಹಾಗಲ್ಲ. 2021ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಯಬೇಕಾಗಿರುವ ವಿಶ್ವ ಚಾಂಪಿಯನ್‌ಷಿಪ್‌ನ ತಂಡವನ್ನು ಆಯ್ಕೆ ಮಾಡಲು ಜಪಾನ್ ಮುಖ್ಯವಾಗಿ ನೋಡುವುದು ಇದನ್ನೇ, ಮತ್ತು ಬೀಜಿಂಗ್ ಒಲಿಂಪಿಕ್ಸ್‌ಗೆ ಯಾವ ದೇಶದಿಂದ ಎಷ್ಟು ಜನ ಎಂಬುದು ಸ್ಟಾಕ್‌ಹೋಮ್‌ನ ಫಲಿತಾಂಶದ ಮೇಲೆ ನಿಂತಿದೆ. ಅಂದರೆ ನಾಗಾನೊದ ಬಾಗಿಲನ್ನು ತಟ್ಟದೇ ಮುಂದಿನ ಬಾಗಿಲಿಗೆ ಹೋಗುವುದು ಕಷ್ಟ. ಹಿಂದೆ ಗಾಯಗೊಂಡಿದ್ದಾಗ ಅವರಿಗೆ ವಿನಾಯಿತಿ ಸಿಕ್ಕಿತ್ತು, ನಿಜ. ಈಗ ಅವರಿಗೆ ಗಾಯವಿಲ್ಲ. ಮೈಯಲ್ಲಿ ಶಕ್ತಿಯಿರುವಾಗ, ಕಿರಿಯರು ಸ್ಪರ್ಧಿಸಿ ಗೆದ್ದುಕೊಳ್ಳಬೇಕಾದ ಸ್ಥಾನವನ್ನು ತಾನು ಮನೆಯಲ್ಲಿ ಕುಳಿತು ಪಡೆಯುವುದು ಅವರ ಸ್ವಭಾವಕ್ಕೆ ಒಗ್ಗುವ ಸಂಗತಿಯೆಂದು ನನಗೆ ತೋರುವುದಿಲ್ಲ.

ದೇಶದೊಳಗಿನ ಪ್ರಯಾಣ, ಒಂದೇ ಸ್ಪರ್ಧೆ. ಅಪಾಯ ಇಲ್ಲವೆಂದು ನಾನು ಹೇಳುತ್ತಿಲ್ಲ, ಅಳೆದು ನೋಡಿ ಅವರು ಇದೊಂದನ್ನೇ ಆರಿಸಿಕೊಂಡಿದ್ದಾರೆಂದು ಹೇಳುತ್ತಿದ್ದೇನೆ.

ನೀಳ ಉಸಿರು – ಡಿಸೆಂಬರ್ 15

ಆಸ್ತಮಾದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನಗೂ ಬಾಲ್ಯದಿಂದ ಅದೇ ಕಾಯಿಲೆ. ಹತ್ತೊಂಬತ್ತರ ಹುಡುಗನೊಬ್ಬ ಸೋಚಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ಆತನಿಗೂ ಇದೇ ತೊಂದರೆಯಿದೆಯೆಂದು ಓದಿ, ಆ ರಾತ್ರಿ ನಿದ್ದೆ ಮಾಡದೆ ಅವನ ಎಲ್ಲ ಸ್ಪರ್ಧೆಗಳನ್ನೂ ನೋಡಿದವಳು ನಾನು.

ಜೋರಾಗಿ ವ್ಯಾಯಾಮ ಮಾಡುವಾಗ ನಾವು ಮೂಗನ್ನು ಬಿಟ್ಟು ಬಾಯಿಯಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಕಳುಹಿಸುತ್ತದೆ. ಬಾಯಿಗೆ ಆ ಶಕ್ತಿಯಿಲ್ಲ. ರಿಂಕ್‌ನ ತಣ್ಣನೆಯ, ಒಣಗಿದ ಗಾಳಿ ನೇರವಾಗಿ ಒಳಗಿಳಿದು ಶ್ವಾಸನಾಳದ ಒಳಪದರವನ್ನು ಒಣಗಿಸುತ್ತದೆ, ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಎದೆಯ ಮೇಲೆ ಯಾರೋ ಮೊಣಕೈಯೂರಿ ನಿಂತಂತಾಗುತ್ತದೆ. ಒಳಗೆಳೆದ ಉಸಿರು ಹೊರಗೆ ಬರುವುದಿಲ್ಲ, ಕೊನೆಯಲ್ಲಿ ಸಣ್ಣ ಸಿಳ್ಳೆಯಂಥ ಸದ್ದು ಮಾತ್ರ ಹೊರಡುತ್ತದೆ. ಮೆಟ್ಟಿಲು ಹತ್ತುವಾಗ ನನಗೆ ಹೀಗಾದರೆ ನಾನು ಕುಳಿತುಬಿಡುತ್ತೇನೆ. ನಾಲ್ಕು ನಿಮಿಷದ ಫ್ರೀ ಸ್ಕೇಟಿಂಗ್‌ನಲ್ಲಿ ಏಳು ಜಂಪ್ ಅಂಶಗಳು, ಸ್ಪಿನ್‌ಗಳು, ಅಡಿಯಿಟ್ಟಲ್ಲೆಲ್ಲ ತಿರುವುಗಳು. ಕುಳಿತುಕೊಳ್ಳಲು ಅಲ್ಲಿ ಜಾಗವಿಲ್ಲ. ಕೊನೆಯ ಮೂರು ಜಂಪ್‌ಗಳಿಗೆ ಶೇಕಡ 10ರಷ್ಟು ಹೆಚ್ಚಿನ ಬೆಲೆಯಿರುವುದರಿಂದ ದಣಿವು ಏರಿದ ಹೊತ್ತಿಗೇ ಅವರು ಕಷ್ಟದ ಜಂಪ್‌ಗಳನ್ನು ಇಟ್ಟುಕೊಳ್ಳುತ್ತಾರೆ.

ಪ್ರೇಕ್ಷಕಿಯವರೇ, ಅವರು ಬರಬಾರದಿತ್ತೆಂಬ ನಿಮ್ಮ ಮಾತು ನನ್ನ ಮನಸ್ಸಿನಲ್ಲೂ ಸುಳಿದಿತ್ತು. ಆದರೆ ಕಾಯಿಲೆಯಿರುವವರ ಪರವಾಗಿ ಬೇರೆಯವರು ತೀರ್ಮಾನ ಮಾಡುವುದು ಹೇಗಿರುತ್ತದೆಂದು ನಾನು ಬಲ್ಲೆ. ಶಾಲೆಯಲ್ಲಿ ನನ್ನನ್ನು ಆಟದ ಗಂಟೆಯಲ್ಲಿ ಮೂಲೆಯ ಬೆಂಚಿನ ಮೇಲೆ ಕೂರಿಸುತ್ತಿದ್ದವರೂ ನನ್ನ ಒಳ್ಳೆಯದಕ್ಕೆಂದೇ ಕೂರಿಸುತ್ತಿದ್ದರು. ತನ್ನ ಉಸಿರಿನ ಅಳತೆ ಅದನ್ನು ಎಳೆಯುವವರಿಗೇ ಗೊತ್ತು. ಆಗಸ್ಟ್‌ನಲ್ಲಿ ಬೇಡವೆಂದರು, ನಂಬಿದೆ. ಈಗ ಹೊರಟಿದ್ದಾರೆ, ನಂಬುತ್ತೇನೆ.

ಅಂಚು – ಡಿಸೆಂಬರ್ 15

ಮೇಲಿನ ಬರಹಕ್ಕೆ ಕೈಮುಗಿದೆ. ಹೆಚ್ಚಿಗೆ ಹೇಳುವುದಿಲ್ಲ, ಒಂದು ನೆನಪನ್ನು ಸೇರಿಸುತ್ತೇನೆ.

ಬಿಗ್ ಹ್ಯಾಟ್ ಅವರಿಗೆ ಹೊಸದಲ್ಲ. 1998ರ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ನಡೆದ ಇದೇ ಕ್ರೀಡಾಂಗಣದಲ್ಲಿ, 2015ರ ನವೆಂಬರ್‌ನಲ್ಲಿ ನಡೆದ ಜಪಾನಿನ ಗ್ರ್ಯಾನ್ ಪ್ರೀ ಸ್ಪರ್ಧೆಯಾದ ಎನ್‌ಎಚ್‌ಕೆ ಟ್ರೋಫಿಯಲ್ಲಿ ಅವರು 322.40 ಅಂಕ ಗಳಿಸಿದರು. ಅದುವರೆಗೆ 300ರ ಗಡಿಯನ್ನು ಯಾರೂ ಮುಟ್ಟಿರಲಿಲ್ಲ. ಅಂಕಗಳು ಪರದೆಯ ಮೇಲೆ ಬಂದಾಗ ಅವರ ಬಾಯಿ ತೆರೆದೇ ಉಳಿದದ್ದು, ಪಕ್ಕದಲ್ಲಿ ಓರ್ಸರ್ ಅವರು ಕುಳಿತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಸಲ ಅಂಕಗಳಿಗೆ ಕಾಯುವ ಆ ಬೆಂಚಿನ ಮೇಲೆ ಪಕ್ಕದ ಜಾಗ ಖಾಲಿ ಇರುತ್ತದೆಂದು ನೆನೆದರೆ ಮನಸ್ಸಿಗೆ ಪಿಚ್ಚೆನಿಸುತ್ತದೆ.

ನಾಲ್ಕೂವರೆ ಸುತ್ತು – ಡಿಸೆಂಬರ್ 16

ಅಂಕಗಳ ಮಾತು ಬಂದಿರುವುದರಿಂದ ಹೊಸಬರಿಗೆ ಒಂದು ಸೂಚನೆ. ರಾಷ್ಟ್ರೀಯ ಸ್ಪರ್ಧೆಯ ಅಂಕಗಳನ್ನು ಅಂತರರಾಷ್ಟ್ರೀಯ ಒಕ್ಕೂಟ ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ನಾಗಾನೊದಲ್ಲಿ ಎಷ್ಟೇ ಬಂದರೂ ಅದು ವಿಶ್ವದಾಖಲೆ ಆಗದು.

ಎದುರಾಳಿಗಳನ್ನೂ ಮರೆಯಬಾರದು. ಕಳೆದ ವರ್ಷ ಇದೇ ಚಾಂಪಿಯನ್‌ಷಿಪ್‌ನಲ್ಲಿ ಹನ್ಯು ಅವರನ್ನು ಹಿಂದಿಕ್ಕಿ ಗೆದ್ದವರು ಶೋಮಾ ಉನೊ. ಅವರು ಈಗ ಸ್ವಿಟ್ಜರ್‌ಲೆಂಡ್‌ನಲ್ಲಿ ಸ್ಟೆಫಾನ್ ಲಾಂಬಿಯೆಲ್ ಅವರ ಬಳಿ ಅಭ್ಯಾಸ ಮಾಡುತ್ತಾರೆ. ಫ್ರಾನ್ಸ್‌ನ ಸ್ಪರ್ಧೆ ರದ್ದಾದ್ದರಿಂದ ಅವರೂ ಈ ಋತುವಿನಲ್ಲಿ ಗ್ರ್ಯಾನ್ ಪ್ರೀ ಆಡಿಲ್ಲ. ಹದಿನೇಳರ ಯುಮಾ ಕಾಗಿಯಾಮಾ ಕಳೆದ ತಿಂಗಳು ಒಸಾಕಾದಲ್ಲಿ ಎನ್‌ಎಚ್‌ಕೆ ಟ್ರೋಫಿ ಗೆದ್ದಿದ್ದಾರೆ. ಆ ಹುಡುಗ ಜಂಪ್ ಮುಗಿಸಿ ಇಳಿಯುವ ರೀತಿ ಬೆಣ್ಣೆಯಿಂದ ಕೂದಲು ತೆಗೆದಂತಿರುತ್ತದೆ. ಸ್ಪರ್ಧೆಯ ಒತ್ತಡಕ್ಕೆ ಈಗಾಗಲೇ ಮೈಯೊಡ್ಡಿದವರಿಗೆ ಸ್ವಲ್ಪ ಅನುಕೂಲವಿದ್ದೇ ಇದೆ. ಅಭ್ಯಾಸದಲ್ಲಿ ನೂರು ಸಲ ಸರಿಯಾದ ಜಂಪ್ ಆರು ನಿಮಿಷಗಳ ವಾರ್ಮ್‌ಅಪ್ ಮುಗಿದು ಕಾಲು ತಣ್ಣಗಾದ ಮೇಲೆ ಬೇರೆಯದೇ ಆಗಿರುತ್ತದೆ.

ಆದರೆ ಇದೂ ನಿಜ: 2017ರ ನವೆಂಬರ್ 9ರಂದು ಒಸಾಕಾದ ಅಭ್ಯಾಸದಲ್ಲಿ ಬಲ ಪಾದದ ಗಿಣ್ಣಿಗೆ ಪೆಟ್ಟಾದ ಮೇಲೆ ಒಂದೂ ಸ್ಪರ್ಧೆಯಿಲ್ಲದೆ, 99 ದಿನಗಳ ನಂತರ ನೇರವಾಗಿ ಪ್ಯೊಂಗ್‌ಚಾಂಗ್‌ನ ಕಣಕ್ಕಿಳಿದು 111.68 ಅಂಕ ಗಳಿಸಿದ ಮನುಷ್ಯ ಇವರು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನು ಉಳಿಸಿಕೊಂಡದ್ದು ಪುರುಷರ ವಿಭಾಗದಲ್ಲಿ ಡಿಕ್ ಬಟನ್ ಅವರ ನಂತರ 66 ವರ್ಷಗಳಲ್ಲಿ ಮೊದಲು.

ದೂರದ ಪ್ರೇಕ್ಷಕಿ – ಡಿಸೆಂಬರ್ 17

ನೀಳ ಉಸಿರು ಅವರೇ, ನಿಮ್ಮ ಬರಹಕ್ಕೆ ಉತ್ತರಿಸಲು ಎರಡು ದಿನ ಹಿಡಿಯಿತು. ಬೆಂಚಿನ ಮೇಲೆ ಕೂರಿಸುವವರ ಸಾಲಿನಲ್ಲಿ ನಾನೂ ಇದ್ದೆನೆಂಬುದು ನನಗೆ ಹೊಳೆದಿರಲಿಲ್ಲ. ಕ್ಷಮಿಸಿ.

ನನ್ನ ಭಯ ಪೂರ್ತಿ ಹೋಗಿಲ್ಲ. ಆದರೆ ಅದನ್ನು ಈಗ ಬೇರೆ ಕಡೆ ತಿರುಗಿಸಿದ್ದೇನೆ. ಆಗಸ್ಟ್‌ನ ಹೇಳಿಕೆಯಲ್ಲಿ ಅವರು ಅಂಜಿದ್ದು ತಮ್ಮ ಹಿಂದೆ ಬರುವ ಗುಂಪಿಗೆ. ಹಾಗಾದರೆ ನಾಗಾನೊದಲ್ಲಿ ಆ ಭಯ ನಿಜವಾಗದಂತೆ ನೋಡಿಕೊಳ್ಳುವುದು ಅಭಿಮಾನಿಗಳ ಕೆಲಸ. ಟಿಕೆಟ್ ಸಿಕ್ಕವರು ಮಾಸ್ಕ್ ಹಾಕಿಕೊಂಡು, ತಮ್ಮ ಆಸನದಲ್ಲಿ ಕುಳಿತು, ಕೂಗದೆ ಚಪ್ಪಾಳೆ ತಟ್ಟಲಿ. ಟಿಕೆಟ್ ಸಿಗದವರು ಕ್ರೀಡಾಂಗಣದ ಬಾಗಿಲಲ್ಲಾಗಲಿ ಹೋಟೆಲಿನ ಬಳಿಯಲ್ಲಾಗಲಿ ಕಾಯದೆ ಮನೆಯಲ್ಲಿರಲಿ.

ಅಂಚು – ಡಿಸೆಂಬರ್ 17

ಪ್ರೋಗ್ರಾಂ ಮುಗಿಯುತ್ತಿದ್ದಂತೆ ಅಭಿಮಾನಿಗಳ ಕೈಯಿಂದ ಹಳದಿ ಮಳೆಯಂತೆ ಸುರಿಯುತ್ತಿದ್ದ ಪೂ ಕರಡಿ ಬೊಂಬೆಗಳು ಈ ಸಲ ಇರಲಾರವು. ಬೊಂಬೆಗಳನ್ನು ಹೆಕ್ಕಲು ಪುಟ್ಟ ಮಕ್ಕಳು ಐಸ್ ಮೇಲೆ ಓಡಾಡುವುದನ್ನು ನೋಡುವುದೂ ನನಗೆ ಹಬ್ಬವೇ ಆಗಿತ್ತು. ಕೊನೆಯ ಭಂಗಿಯಲ್ಲಿ ಅವರು ನಿಂತಾಗ ಐಸ್ ಬರಿದಾಗಿ, ಬೆಳ್ಳಗೆ ಹಾಗೆಯೇ ಉಳಿಯುತ್ತದೆ. ಕೂಗಿಲ್ಲದಿದ್ದರೆ ಬ್ಲೇಡ್‌ನ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆಂಬ ಸಮಾಧಾನವೊಂದಿದೆ. ಆಳವಾದ ಅಂಚಿನ ಮೇಲೆ ಅವರು ತಿರುಗುವಾಗ ಬರುವ ಸದ್ದು ಕೆರೆಯುವ ಸದ್ದಲ್ಲ, ರೇಷ್ಮೆ ಸೀರೆಯ ಸೆರಗು ಸರಿದಂತಿರುತ್ತದೆ.

ಯಾವ ಸಂಗೀತವನ್ನು ಆರಿಸಿಕೊಂಡಿರಬಹುದು? ಹೊಸದಾದರೆ ಚೆನ್ನ. ನೃತ್ಯ ಸಂಯೋಜಕರು ಸಾಗರದಾಚೆ ಇರುವಾಗ ಹೊಸ ಪ್ರೋಗ್ರಾಂ ಕಟ್ಟುವುದು ಸುಲಭವಲ್ಲವೆಂಬುದು ಗೊತ್ತು. ಸೇಮೆಯ್ ಮತ್ತೆ ಬಂದರೂ ನಾನು ಬೇಸರಿಸುವುದಿಲ್ಲ.

ಹಿಮರೇಖೆ – ಡಿಸೆಂಬರ್ 20

ಇನ್ನು ಐದು ದಿನ. 2011ರ ಮಾರ್ಚ್ 11ರಂದು ಸೆಂಡಾಯ್‌ನ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಭೂಮಿ ನಡುಗಿ, ಸ್ಕೇಟ್‌ಗಳನ್ನು ಬಿಚ್ಚಲೂ ಸಮಯವಿಲ್ಲದೆ ಹೊರಗೋಡಿದ ಹುಡುಗನ ನೆನಪು ಈ ವಾರ ಮತ್ತೆ ಮತ್ತೆ ಬರುತ್ತಿದೆ. ಆ ರಿಂಕ್ ಮುಚ್ಚಿತು, ಕುಟುಂಬ ನಿರಾಶ್ರಿತರ ಶಿಬಿರದಲ್ಲಿ ದಿನಗಳನ್ನು ಕಳೆಯಿತು. ಅಭ್ಯಾಸಕ್ಕೆ ಐಸ್ ಸಿಗದಿದ್ದಾಗ ಆತ ಸುಮಾರು 60 ಐಸ್ ಷೋಗಳಲ್ಲಿ ಭಾಗವಹಿಸಿ ಅಲ್ಲಿಯೇ ಅಭ್ಯಾಸವನ್ನೂ ಮಾಡಿಕೊಂಡ. ಈ ವರ್ಷ ಐಸ್ ಷೋಗಳ ಆಸರೆಯೂ ಇರಲಿಲ್ಲ.

25ರಂದು ನಾನು ಮೊದಲು ನೋಡುವುದು ಜಂಪ್‌ಗಳನ್ನಲ್ಲ. ಐಸ್ ಮೇಲೆ ಕಾಲಿಡುವಾಗ ಅವರು ಬಾಗಿ ಕೈಯಿಂದ ಅದನ್ನು ಮುಟ್ಟುತ್ತಾರೆ, ಹೊರಡುವಾಗಲೂ ಮುಟ್ಟುತ್ತಾರೆ. ಅಂಗೈ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಬೇಕು. ಆಮೇಲೆ ಮೊದಲ ಟ್ರಿಪಲ್ ಆಕ್ಸೆಲ್, ಮೂರೂವರೆ ಸುತ್ತಿನ ಜಂಪ್. ಅದಕ್ಕೆ ಮುನ್ನ ಎಷ್ಟು ತಿರುವುಗಳಿವೆ, ಇಳಿದ ಕಾಲಿನಿಂದಲೇ ಬೇರೊಂದು ಚಲನೆಗೆ ಸಾಗುತ್ತಾರೆಯೇ ಎಂಬುದನ್ನು ನೋಡಿದರೆ ಈ ಹತ್ತು ತಿಂಗಳು ಹೇಗಿದ್ದವೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ನೀಳ ಉಸಿರು – ಡಿಸೆಂಬರ್ 24

ನಾಳೆ. ನಾನು ಫ್ರೀ ಸ್ಕೇಟಿಂಗ್‌ನ ಮೂರನೆಯ ನಿಮಿಷದಿಂದ ಮುಂದಕ್ಕೆ ಅವರ ಭುಜಗಳನ್ನು ನೋಡುತ್ತೇನೆ. ಉಸಿರು ಸಾಲದಾದಾಗ ಭುಜಗಳು ಕಿವಿಯ ಕಡೆಗೆ ಏರುತ್ತವೆ. ನಾಡಿದ್ದು ಅವು ಕೆಳಗೇ ಇರಲೆಂದು ಹಾರೈಸುತ್ತೇನೆ.

ದೂರದ ಪ್ರೇಕ್ಷಕಿ – ಡಿಸೆಂಬರ್ 25

ಅವರ ಗುಂಪಿನ ವಾರ್ಮ್‌ಅಪ್ ಆರಂಭವಾಗುವುದರಲ್ಲಿದೆ. ನಾನು ನೋಡುತ್ತಿದ್ದೇನೆ. ಇನ್ನು ಮುಗಿಯುವವರೆಗೆ ಏನೂ ಬರೆಯುವುದಿಲ್ಲ.